ಕದ್ದ ಪ್ರಶ್ನೆಗೆ ಎಲ್ಲರೆದುರು ಕೃತಜ್ಞತೆ

ಮಕ್ಕಳು ದೊಡ್ಡವರಾದ ಮೇಲೆ ನಾನು ಸಂಶೋಧನೆಗೆ ಸೇರಿದೆ. ಶಿರಸಿ ಪೇಟೆಯ ಸೈಬರ್ ಕೆಫೆಯಲ್ಲಿ ಕುಳಿತು ಇಮೇಲ್ ನೋಡುವ ಕಾಲ ಅದು. ಜಾನಪದ ಸಂಶೋಧಕರ ಇಮೇಲ್ ಬಳಗವೊಂದಕ್ಕೆ ನನ್ನ ಪ್ರಶ್ನೆ ಹಾಕಲು ಹೊರಟಾಗ, ಅದೇ ಬಳಗದಲ್ಲಿದ್ದ ಸಿದ್ದಾಪುರದ ಅಧ್ಯಾಪಕರು, ನಮಗೆ ದೂರದ ನೆಂಟರು, ತಡೆದರು.

"ಹಸಿ ಪ್ರಶ್ನೆ ಎಲ್ಲರ ಎದುರಿಗೆ ಇಡಲಾಗ ತಂಗಿ, ಅದು ಮರ್ಯಾದೆ ಅಲ್ಲ. ಮೊದಲು ಯಂಗೆ ಕಳಿಸು."

ಅವರಿಗೆ ಕಳಿಸಿದೆ. ಯಲ್ಲಾಪುರದ ಕೆಲವು ಮನೆಗಳಲ್ಲಿ ಎರಡು ಮರಗಳ ಅಪ್ಪೆಮಿಡಿ ಮಾವಿನಕಾಯಿಯನ್ನು ಒಂದೇ ಭರಣಿಯಲ್ಲಿ ಉಪ್ಪಿಗೆ ಹಾಕುವುದಿಲ್ಲವಲ್ಲ, ಏಕೆ? ಮುಂದಿನ ವಾರ ಅದೇ ಪ್ರಶ್ನೆ ಅವರ ಹೆಸರಿನಲ್ಲಿ ಬಳಗಕ್ಕೆ ಬಂತು. ನಾನು ಹಲ್ಲು ಕಚ್ಚಿ ಕಾದೆ. ಬಳಗದವರು ಬಿಡುವವರಲ್ಲ, ಯಾರ ಮನೆಯಲ್ಲಿ ಕೇಳಿದಿರಿ, ಸೊನೆಯ ಪರಿಮಳ ಹೇಗೆ ಬೇರೆ ಎಂದು ಕೆದಕಿದರು. ಮನೆಮನೆ ತಿರುಗಿದ್ದವಳು ನಾನು. ಅಧ್ಯಾಪಕರ ಫೋನ್ ಬಂತು.

"ಉತ್ತರ ಒಂಚೂರು ಹೇಳೆ ಮಾರಾಯ್ತಿ."

"ಬಳಗದಲ್ಲೇ ಕೇಳು ಅಣ್ಣ. ಆನು ಅಲ್ಲೇ ಹೇಳ್ತೆ."

ಬೇರೆ ದಾರಿಯಿಲ್ಲದೆ ಬಳಗದಲ್ಲೇ ನನ್ನನ್ನು ಕೇಳಿದರು. ನಾನು ವಿವರವೆಲ್ಲ ಬರೆದು, ಕೊನೆಗೆ ಸೇರಿಸಿದೆ: "ನಾನು ಕಳಿಸಿದ ಪ್ರಶ್ನೆಯನ್ನು ಬಳಗದ ಮುಂದಿಟ್ಟಿದ್ದಕ್ಕೆ ಕೃತಜ್ಞತೆಗಳು."

ಅಂದಿನಿಂದ ಮದುವೆಮನೆಗಳಲ್ಲಿ ಅವರು ನನ್ನ ಕಣ್ಣಿಗೆ ಬೀಳದಂತೆ ದೂರದ ಪಂಕ್ತಿ ಹಿಡಿಯುತ್ತಾರೆ. ನಾನು ಹುಡುಕಿಕೊಂಡು ಹೋಗಿ ಉಪ್ಪಿನಕಾಯಿ ಬಡಿಸಿ ಬರುತ್ತೇನೆ.