ಶನಿವಾರದ ಆರು ಗಂಟೆಯ ಕಳ್ಳತನ

ನನ್ನ ಗಂಡ ಇಲ್ಪೊ ಕೊಕ್ಕೊನೆನ್ ಅರವತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರ್ ಪದವಿ ಪಡೆದ. ಅರವತ್ತಮೂರಕ್ಕೆ ಸತ್ತ. ಪದವಿಯ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ನಾನು ಹಾಲು ತೆಗೆಯುವಾಗಲೆಲ್ಲ ಕಾಣಲಿ ಎಂದು. ಈಗಲೂ ಅಲ್ಲೇ ಇದೆ.

ಅವನನ್ನು ಮಣ್ಣು ಮಾಡಿದ ದಿನ ಪಾದ್ರಿ ಅವನನ್ನು ಸೌಮ್ಯ ಸ್ವಭಾವದ ಶ್ರಮಜೀವಿ ಎಂದರು. ಶ್ರಮಜೀವಿ ಹೌದು. ಸೌಮ್ಯ ಅಲ್ಲ. ಯಾರಾದರೂ ಸರಿಯಾಗಿ ಬರೆದಿಡಬೇಕು. ನಾನು ಎಂಟು ವರ್ಷ ಶಾಲೆಗೆ ಹೋದವಳು, ಆಮೇಲೆ ಬೇಕರಿಯ ಕೆಲಸ. ತಿಳಿದಷ್ಟು ಬರೆಯುತ್ತೇನೆ.

ಇಲ್ಪೊ ಮೂವತ್ತೊಂದು ವರ್ಷ ಪ್ಲೈವುಡ್ ಕಾರ್ಖಾನೆಯಲ್ಲಿದ್ದ. ಬರ್ಚ್ ಮರದ ದಿಮ್ಮಿಯನ್ನು ತಿರುಗಿಸಿ ಕಾಗದದಷ್ಟು ತೆಳ್ಳಗೆ ಹಾಳೆ ಸುಲಿಯುವ ಯಂತ್ರ ಅವನದು. ಕಾರ್ಖಾನೆ ಮುಚ್ಚಿತು. ಕೊನೆಯ ದಿನ ಎಲ್ಲರಿಗೂ ಕೇಕ್ ಕೊಟ್ಟರು. ಅವನಿಗೆ ಆಗ ಐವತ್ತಾರು.

ಆ ವಾರ ಕೆಳಮನೆಯ ಎಸ್ಕೊ ಕಾಫಿಗೆ ಬಂದಿದ್ದ. ಎಸ್ಕೊ ನಮ್ಮ ಕಟ್ಟಡದ ಸಂಘದ ಅಧ್ಯಕ್ಷ. ಹದಿನೆಂಟು ಮನೆಗೆ ತಾನೊಬ್ಬನೇ ಬುದ್ಧಿವಂತ ಎಂದು ತಿಳಿದವನು.

"ಇನ್ನೇನು ಮಾಡ್ತೀಯೋ ಇಲ್ಪೊ? ಈಗ ಎಲ್ಲ ಕಂಪ್ಯೂಟರ್ ಕೆಲಸ. ನಿನಗೆ ಟಿವಿ ರಿಮೋಟೇ ಬರಲ್ಲ."

ಇಲ್ಪೊ ತಟ್ಟೆ ಹತ್ತಿರ ಎಳೆದುಕೊಂಡ. ಬನ್ನು ತಿಂದ. ಮರುದಿನ ಹೋಗಿ ಕಂಪ್ಯೂಟರ್ ಓದಿಗೆ ಅರ್ಜಿ ಹಾಕಿ ಬಂದ. ಸೌಮ್ಯ ಸ್ವಭಾವವಂತೆ.

ಮೊದಲ ದಿನ ಕಾಲೇಜಿನಲ್ಲಿ ಹುಡುಗಿಯೊಬ್ಬಳು ಅವನನ್ನು ಜವಾನ ಎಂದುಕೊಂಡು, ಕಿಟಕಿ ಸಿಕ್ಕಿಕೊಂಡಿದೆ, ಬಿಡಿಸಿ ಎಂದಳಂತೆ. ಬಿಡಿಸಿದ. ಆಮೇಲೆ ಹೋಗಿ ಮೊದಲ ಬೆಂಚಿನಲ್ಲಿ ಕೂತ. ಪಾಠವನ್ನು ಪ್ಲೈವುಡ್ ತುಂಡುಗಳ ಮೇಲೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದ. ಕಾಗದದ ಮೇಲೆ ಬರೆದರೆ ಅವನ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ಮಂಚದ ಕೆಳಗೆ ಮೂರು ವರ್ಷದ ಪಾಠ ಜೋಡಿಸಿಟ್ಟಿತ್ತು. ಗುಡಿಸಲು ಆಗುತ್ತಿರಲಿಲ್ಲ.

ಪರೀಕ್ಷೆಗಳೆಲ್ಲ ಆದವು. ಕೊನೆಗೆ ಪ್ರಬಂಧ ಉಳಿಯಿತು. ಅದು ಬರೀ ಬರೆಯುವ ಪ್ರಬಂಧವಲ್ಲ. ಕೆಲಸಕ್ಕೆ ಬರುವ ಒಂದು ಪ್ರೋಗ್ರಾಂ ಮಾಡಬೇಕು, ಯಾರಿಗಾದರೂ ಕೊಡಬೇಕು, ಅವರು ಅದನ್ನು ನಿಜವಾಗಿ ಬಳಸಬೇಕು, ಬಳಸಿ ಏನಾಯಿತೆಂದು ಬರೆಯಬೇಕು. ಇಲ್ಪೊ ಐದು ಕಂಪನಿಗಳಿಗೆ ಪತ್ರ ಬರೆದ. ಎರಡು ಬೇಡ ಎಂದವು. ಮೂರು ಅದನ್ನೂ ಹೇಳಲಿಲ್ಲ. ಹೀಗೆ ಒಂದು ವರ್ಷ ಹೆಚ್ಚಿಗೆ ಕಳೆಯಿತು. ಆಗ ಅವನ ಟೀಚರಮ್ಮ ರೀಕ್ಕಾ ಹೇಳಿದಳಂತೆ: "ಇಲ್ಪೊ, ಮೇ ಕೊನೆಗೆ ನಿಮ್ಮ ಓದುವ ಅವಧಿ ಮುಗೀತದೆ. ಆಮೇಲೆ ನಾನೇನೂ ಮಾಡೋಕಾಗಲ್ಲ."

ಅಂದರೆ ಐದು ವರ್ಷ ನೀರುಪಾಲು. ಎಸ್ಕೊನ ಬಾಯಿಗೆ ಬೇರೆ ಬೀಳಬೇಕು.

ಆಗ ಅವನ ಕಣ್ಣಿಗೆ ಬಿದ್ದದ್ದು ನಮ್ಮ ಕಟ್ಟಡದ ನೆಲಮಾಳಿಗೆಯ ಸೌನಾ, ಎಲ್ಲರೂ ಬೆವರಲು ಕೂರುವ ಬಿಸಿ ಹಬೆಯ ಕೋಣೆ. ಶುಕ್ರವಾರ, ಶನಿವಾರ ಒಲೆ ಕಾಯುತ್ತದೆ. ಒಂದೊಂದು ಮನೆಗೆ ವಾರಕ್ಕೆ ಒಂದೊಂದು ಗಂಟೆ. ಬಾಗಿಲ ಪಕ್ಕದಲ್ಲಿ ಒಂದು ಪಟ್ಟಿ, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್. ಈ ಪಟ್ಟಿಯ ಬದಲು ಫೋನಿನಲ್ಲೇ ಗಂಟೆ ಕಾದಿರಿಸುವ ಪ್ರೋಗ್ರಾಂ ಮಾಡುತ್ತೇನೆ ಎಂದ ಇಲ್ಪೊ.

ಪಟ್ಟಿ ಬರೆದು ಹದಿನೆಂಟು ವರ್ಷವಾಗಿತ್ತು. ಅದರಲ್ಲಿ ಸತ್ತವರ ಹೆಸರೇ ಮೂರಿದ್ದವು. ಯಾರೂ ಅದನ್ನು ಓದುತ್ತಿರಲಿಲ್ಲ. ಯಾವ ಗಂಟೆ ಯಾರದು ಎಂದು ಎಲ್ಲರ ಮೈಗೇ ಗೊತ್ತಿತ್ತು. ನಮ್ಮದು ಶುಕ್ರವಾರ ಏಳು. ಎಲ್ಲಕ್ಕಿಂತ ಒಳ್ಳೆಯದು ಶನಿವಾರ ಆರು. ಅದು ಮೂರನೇ ಮಹಡಿಯ ಔನೆಯದು. ಔನೆಗೆ ಆಗ ಎಂಬತ್ತನಾಲ್ಕು. ಆ ಗಂಟೆಗಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳು. ಮುಂಚೆ ಅದು ಯಾರದಿತ್ತೋ ಆ ಮುದುಕಿ ಸತ್ತ ದಿನವೇ ಕೈಯಲ್ಲಿ ಕೇಕ್ ಹಿಡಿದು ಹೋಗಿ, ಸಂತಾಪ ಹೇಳಿ, ಗಂಟೆ ಕೇಳಿ ಬಂದವಳು. ಅದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ.

ಮಾರ್ಚಿನ ಸಭೆಯಲ್ಲಿ ಇಲ್ಪೊ ಎದ್ದು ನಿಂತು ಎಲ್ಲ ವಿವರಿಸಿದ. ಎಸ್ಕೊ ಕೇಳಿದ:

"ಯಾರದಾದ್ರೂ ವಿರೋಧ ಇದೆಯಾ?"

ಯಾರೂ ಮಾತಾಡಲಿಲ್ಲ. ಒಬ್ಬರು ಕೆಮ್ಮಿದರು.

"ಸರ್ವಾನುಮತ," ಎಂದು ಎಸ್ಕೊ ಬರೆದುಕೊಂಡ. ಇಲ್ಪೊ ಹಿಗ್ಗಿದ. ಬೇಡ ಎನ್ನುವುದನ್ನು ನಮ್ಮವರು ಹೀಗೇ ಹೇಳುವುದು ಎಂದು ಅವನಿಗೆ ಗೊತ್ತಿರಬೇಕಿತ್ತು. ಅವನೂ ಇಲ್ಲಿಯವನೇ. ಆದರೆ ಪ್ರಬಂಧ ತಲೆಗೇರಿತ್ತು.

ಏಪ್ರಿಲ್ ಮೊದಲ ಸೋಮವಾರ ಪ್ರೋಗ್ರಾಂ ಶುರುವಾಯಿತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ವಾರದ ಗಂಟೆಗಳೆಲ್ಲ ತೆರೆದುಕೊಳ್ಳುತ್ತವೆ. ಬೇಕಾದ್ದನ್ನು ಒತ್ತಿದರೆ ಅದು ನಿಮ್ಮದು. ಒಂದು ಮನೆಗೆ ಒಂದೇ ಗಂಟೆ, ಎರಡನೆಯದನ್ನು ಕೊಡುವುದಿಲ್ಲ. ಇಲ್ಪೊ ಹಳೆಯ ಪಟ್ಟಿ ಕಿತ್ತ. ಎಲ್ಲರ ಬಾಗಿಲಿಗೂ ವಿವರದ ಚೀಟಿ ಹಾಕಿದ. ಕಂಪ್ಯೂಟರ್ ಮುಂದೆ ಕೂತು ಕಾದ.

ಮೊದಲ ವಾರ ಒಂದು ಹೆಸರು. ನಮ್ಮದೇ. ಎರಡನೇ ವಾರವೂ ಅಷ್ಟೇ. ಜನ ಮಾತ್ರ ಟವೆಲ್ ಹೆಗಲಿಗೆ ಹಾಕಿ ತಮ್ಮ ತಮ್ಮ ಗಂಟೆಗೆ ಇಳಿದು ಹೋಗುತ್ತಿದ್ದರು. ಎಸ್ಕೊ ಮೆಟ್ಟಿಲ ಮೇಲೆ ಸಿಕ್ಕಾಗ, "ಪ್ರೋಗ್ರಾಂ ಚೆನ್ನಾಗಿದೆ ಕಣೋ," ಎಂದ. "ತೊಂದರೇನೇ ಕೊಡಲ್ಲ."

ರೀಕ್ಕಾ ಕಡ್ಡಿ ಮುರಿದಂತೆ ಹೇಳಿದಳು. ಕನಿಷ್ಠ ಹತ್ತು ಮನೆಯವರು, ಕನಿಷ್ಠ ನಾಲ್ಕು ವಾರ. ಇಲ್ಲದಿದ್ದರೆ ಪ್ರಬಂಧವಿಲ್ಲ.

ಇಲ್ಪೊ ಊಟ ಬಿಟ್ಟ. ನನಗೆ ಅದನ್ನು ನೋಡಲಾಗಲಿಲ್ಲ. ಮೂರನೇ ಸೋಮವಾರ ಅವನು ಅಂಗಡಿಗೆ ಹೋದಾಗ ನನ್ನ ಫೋನ್ ತೆಗೆದೆ. ಒಂಬತ್ತೂ ಎರಡು. ನಮ್ಮ ಶುಕ್ರವಾರ ಏಳನ್ನು ಬಿಟ್ಟೆ. ಶನಿವಾರ ಆರನ್ನು ಒತ್ತಿದೆ.

ಅವನು ಬಂದು ಕಂಪ್ಯೂಟರ್ ನೋಡಿ ಕೂಗಿದ. "ಸಿರ್ಕಾ! ಶನಿವಾರಕ್ಕೆ ಯಾರೋ ಕಾದಿರಿಸಿದಾರೆ!" ಆಮೇಲೆ ಹೆಸರು ನೋಡಿದ. "ಏನೇ ಮಾಡಿದೆ ನೀನು?"

"ನಿನ್ನ ಪ್ರೋಗ್ರಾಂ ಕೊಡ್ತು, ತಗೊಂಡೆ."

"ಔನೆಯ ಗಂಟೆ ಕಣೇ ಅದು!"

"ಎಲ್ಲಿ ಬರೆದಿದೆ?"

ಪಟ್ಟಿ ಕಿತ್ತವನು ಅವನೇ.

ಶನಿವಾರ ಆರಕ್ಕೆ ಇಬ್ಬರೂ ಇಳಿದೆವು. ನನ್ನ ಕೈಯಲ್ಲಿ ಫ್ರೀಜರಿನಿಂದ ತೆಗೆದ, ಬೆವರುವಾಗ ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು. ಇಲ್ಪೊ ಬಟ್ಟೆ ಬಿಚ್ಚುವ ಕೋಣೆ ದಾಟಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಅಲ್ಲೇ ಕೂತ. ನಾನು ಒಳಗೆ ಹೋದೆ. ಔನೆ ಆಗಲೇ ಮೇಲಿನ ಹಲಗೆಯ ಮೇಲೆ ಕೂತಿದ್ದಳು, ಹುಟ್ಟಿದಾಗ ಇದ್ದಂತೆ.

"ದಾರಿ ತಪ್ಪಿದೆಯೇನೇ ಸಿರ್ಕಾ? ಇವತ್ತು ಶನಿವಾರ."

"ಗೊತ್ತು. ಈ ಗಂಟೆ ನಂದು. ಕಂಪ್ಯೂಟರಿನಲ್ಲಿ ನನ್ನ ಹೆಸರಿದೆ."

"ಹಾಗಾದ್ರೆ ಕಂಪ್ಯೂಟರೇ ಬಂದು ಇಲ್ಲಿ ಬೆವರಲಿ."

ನಾನೂ ಮೇಲಿನ ಹಲಗೆ ಹತ್ತಿ ಪಕ್ಕದಲ್ಲಿ ಕೂತೆ. ಅವಳು ಒಲೆಯ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಳು. ನಾನು ಎರಡು ಹಾಕಿದೆ. ಅವಳು ಮೂರು. ಕಿವಿ ಸುಡತೊಡಗಿತು. ಇಲ್ಪೊ ಬಾಗಿಲು ಒಂದಿಷ್ಟೇ ತೆರೆದ.

"ಜೀವ ಇದೆಯಾ ಇಬ್ಬರಿಗೂ?"

"ಬಾಗಿಲು ಮುಚ್ಚು!" ಎಂದೆವು ಇಬ್ಬರೂ ಒಟ್ಟಿಗೆ.

ಹತ್ತೊಂಬತ್ತು ನಿಮಿಷ. ನಾನೇ ಮೊದಲು ಎದ್ದೆ. ತಲೆ ತಿರುಗುತ್ತಿತ್ತು. ತಣ್ಣೀರಿನ ಕೆಳಗೆ ನಿಂತಿದ್ದಾಗ ಔನೆ ಹೊರಗೆ ಬಂದು, ನಿಲುವಂಗಿ ಸುತ್ತಿಕೊಂಡು, ಇಲ್ಪೊನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ದರಿದ್ರ ಪ್ರೋಗ್ರಾಮಿಗೆ ಹೆಸರು ಹಾಕೋದು ಹೇಗೋ? ಈಗಲೇ ಹೇಳಿಕೊಡು. ಮನೇಲಿ ಕಳ್ಳಿ ಇಟ್ಕೊಂಡಿದೀಯ."

ಟವೆಲ್ ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಫೋನ್ ಹಿಡಿದು ಇಲ್ಪೊ ಹೇಳಿಕೊಟ್ಟ. ಅವಳ ಒದ್ದೆ ಬೆರಳಿಗೆ ಫೋನ್ ಜಗ್ಗಲಿಲ್ಲ. ಔನೆ ಅದನ್ನು ಗೋಡೆಗೆ ಎಸೆಯುವುದರಲ್ಲಿದ್ದಳು. ಇಲ್ಪೊನ ಮುಖ ಮಾತ್ರ ಬೆಳಗಿತು. ಒದ್ದೆ ಬೆರಳು! ಇದನ್ನು ಯಾವ ಪುಸ್ತಕವೂ ಅವನಿಗೆ ಹೇಳಿರಲಿಲ್ಲ. ಪ್ರಬಂಧದಲ್ಲಿ ಅದಕ್ಕೆ ಎರಡೂವರೆ ಪುಟ ಕೊಟ್ಟ. ಸೌನಾದ ಬಾಗಿಲಿಗೆ ಬೆರಳು ಒರೆಸಿಕೊಳ್ಳಲು ಒಂದು ಕೈವಸ್ತ್ರ ತೂಗುಹಾಕಿದ.

ಭಾನುವಾರ ಸಂಜೆಯೊಳಗೆ ಸುದ್ದಿ ಹದಿನೆಂಟು ಮನೆಗೂ ಮುಟ್ಟಿತ್ತು. ಸಿರ್ಕಾ ಗಂಟೆ ಕದಿಯುತ್ತಾಳೆ. ಔನೆಯದನ್ನೇ ಬಿಡದವಳು ನಮ್ಮದನ್ನು ಬಿಡುತ್ತಾಳೆಯೇ?

ಸೋಮವಾರ ಒಂಬತ್ತಕ್ಕೆ ಐದು ನಿಮಿಷ. ಕಸ ಹಾಕುವ ನೆಪದಲ್ಲಿ ಹೊರಗೆ ಹೋದೆ. ಎಸ್ಕೊ ರಾತ್ರಿಯ ಉಡುಪಿನಲ್ಲೇ ಮೆಟ್ಟಿಲ ಕಿಟಕಿಯ ಹತ್ತಿರ ಫೋನ್ ಎತ್ತಿ ಹಿಡಿದು ನಿಂತಿದ್ದ. ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.

"ಏನೋ ಎಸ್ಕೊ, ಇಷ್ಟು ಬೇಗ?"

"ಹವಾಮಾನ ನೋಡ್ತಿದೀನಿ," ಎಂದ.

ಒಂಬತ್ತೂ ನಾಲ್ಕಕ್ಕೆ ಹದಿನೆಂಟು ಗಂಟೆಯೂ ಭರ್ತಿ. ಪ್ರತಿ ಮನೆಯವರೂ ತಮ್ಮ ಹಳೆಯ ಗಂಟೆಯನ್ನೇ ಒತ್ತಿದ್ದರು. ಮುಂದಿನ ಸೋಮವಾರವೂ ಹಾಗೇ, ಅದರ ಮುಂದಿನದೂ, ಅದರ ಮುಂದಿನದೂ. ನಾಲ್ಕು ವಾರ ಆಯಿತು. ನಾನು ಮತ್ತೆ ಏನನ್ನೂ ಕದಿಯಲಿಲ್ಲ. ಸೋಮವಾರ ಬೆಳಿಗ್ಗೆ ಫೋನ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಒಂದು ಸುತ್ತು ಓಡಾಡುತ್ತಿದ್ದೆ, ಅಷ್ಟೇ. ಸಾಕಾಗುತ್ತಿತ್ತು.

ಇಲ್ಪೊ ಬರೆಯಲು ಕೂತ. ಒಂದು ದಿನ ಅವನು ಅಡುಗೆಮನೆಗೆ ಹೋದಾಗ ಇಣುಕಿ ನೋಡಿದೆ. ಐದನೇ ಅಧ್ಯಾಯದಲ್ಲಿ ದಪ್ಪ ಅಕ್ಷರದ ಒಂದು ತಲೆಬರಹವಿತ್ತು. *ಅಧ್ಯಯನದ ಮೇಲೆ ಪ್ರಭಾವ ಬೀರಿದ ಹೊರಗಿನ ಅಂಶ: ಬರೆದವನ ಹೆಂಡತಿ.*

"ಇದನ್ನ ತೆಗಿ."

"ತೆಗೆಯಲ್ಲ."

"ಹೆಂಡತಿ ಹೆದರಿಸಿದ್ದಕ್ಕೆ ಜನ ಬಳಸಿದ್ರು ಅಂತ ಬರೆದ್ರೆ ಅವರು ಪಾಸು ಮಾಡ್ತಾರಾ? ಐದು ವರ್ಷ ಕಣೋ!"

"ಮರದ ಹಾಳೇಲಿ ಗಂಟಿದ್ರೆ ಇದೆ ಅಂತ ಹೇಳಬೇಕು ಸಿರ್ಕಾ. ಅದರ ಮೇಲೆ ಚೊಕ್ಕ ಹಾಳೆ ಅಂಟಿಸಿ ಕಳಿಸಿದ್ರೆ, ನೆಂದ ದಿನ ಉಬ್ಬುತ್ತೆ. ಮೂವತ್ತೊಂದು ವರ್ಷ ನಾನು ಹಾಗೆ ಕಳಿಸಿಲ್ಲ."

"ಹಾಗಾದ್ರೆ ನಾನು ಗಂಟಾ?"

"ದೊಡ್ಡದೇ," ಎಂದ.

ಎರಡು ದಿನ ಅವನಿಗೆ ಕಾಫಿ ಮಾಡಲಿಲ್ಲ. ತಲೆಬರಹ ಹಾಗೇ ಉಳಿಯಿತು.

ಮೇ ಇಪ್ಪತ್ತೇಳಕ್ಕೆ ಎಲ್ಲರೆದುರು ಪ್ರಬಂಧ ಒಪ್ಪಿಸುವುದಿತ್ತು. ಎಸ್ಕೊ ಟೈ ಕಟ್ಟಿಕೊಂಡು ಬಂದಿದ್ದ, ಪ್ರೋಗ್ರಾಂ ಮಾಡಿಸಿಕೊಂಡವರು ನಾವು ಎಂದು. ಔನೆಯೂ ಬಂದಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ರೀಕ್ಕಾಳ ಪಕ್ಕದಲ್ಲಿ ಇನ್ನೊಬ್ಬ ಮೇಷ್ಟ್ರು, ತೆಳ್ಳನೆಯ ಮನುಷ್ಯ, ಮುಖದಲ್ಲಿ ನಗುವಿಲ್ಲ. ಇಲ್ಪೊ ಮುಗಿಸಿದ ಮೇಲೆ ಅವನು ಕೇಳಿದ:

"ಒಟ್ಟಿನಲ್ಲಿ ಪ್ರೋಗ್ರಾಮಿನಿಂದ ಏನು ಬದಲಾಯ್ತು?"

"ಏನೂ ಇಲ್ಲ," ಎಂದ ಇಲ್ಪೊ. "ಎಲ್ಲರಿಗೂ ಮೊದಲಿದ್ದ ಗಂಟೆಯೇ ಸಿಕ್ಕಿದೆ."

ಮೇಷ್ಟ್ರು ಪೆನ್ನು ಕೆಳಗಿಟ್ಟ.

"ಹಾಗಾದ್ರೆ ಅದು ಯಾಕೆ ಬೇಕು? ನಾಳೆ ತೆಗೆದುಹಾಕಿದ್ರೆ ಏನಾಗ್ತದೆ?"

ಇಲ್ಪೊ ಉತ್ತರ ಹೇಳುವ ಮೊದಲೇ ಹಿಂದಿನಿಂದ ಕುರ್ಚಿ ಸದ್ದಾಯಿತು. ಎಸ್ಕೊ ಎದ್ದಿದ್ದ. ಮುಖ ಕೆಂಪಾಗಿತ್ತು.

"ತೆಗೆಯೋ ಮಾತಾಡ್ಬೇಡಿ ಸ್ವಾಮಿ! ಅದಿಲ್ಲದಿದ್ರೆ ನಮ್ಮ ಗಂಟೆ ನಮ್ಮದೇ ಅನ್ನೋದಕ್ಕೆ ಏನು ಗ್ಯಾರಂಟಿ? ಆ ಸಿರ್ಕಾಳನ್ನ ನೀವು ಕಂಡಿಲ್ಲ!"

"ಒಂಬತ್ತಕ್ಕೆ ಅಲಾರಾಂ ಇಟ್ಟಿದೀನಿ ನಾನು," ಎಂದಳು ಔನೆ. "ಈ ವಯಸ್ಸಿಗೆ."

ರೀಕ್ಕಾ ಕೆಳತುಟಿ ಕಚ್ಚಿಕೊಂಡು ಕಾಗದ ತಿರುವಿದಳು.

"ಆ ಹೊರಗಿನ ಅಂಶ ಇವತ್ತು ಇಲ್ಲಿ ಬಂದಿದೆಯಾ?"

ಎದ್ದು ನಿಂತೆ.

"ಅವಕಾಶ ಸಿಕ್ಕಿದ್ರೆ ಮತ್ತೆ ತಗೋತೀರಾ?"

"ಖಾಲಿ ಇದ್ರೆ ಯಾಕೆ ಬಿಡಲಿ?"

"ನೋಡಿದ್ರಾ?" ಎಂದ ಎಸ್ಕೊ ಮೇಷ್ಟರಿಗೆ.

ಐದಕ್ಕೆ ಮೂರು ಕೊಟ್ಟು ಪಾಸು ಮಾಡಿದರು. ಅವಧಿ ಮುಗಿಯಲು ನಾಲ್ಕು ದಿನವಿತ್ತು. ಇಲ್ಪೊ ಮನೆಗೆ ಬರುವ ತನಕ ಗೊಣಗಿದ, ಒದ್ದೆ ಬೆರಳಿಗೇ ನಾಲ್ಕು ಕೊಡಬೇಕಿತ್ತು ಎಂದು. ಮನೆಗೆ ಬಂದು ಟಿವಿ ರಿಮೋಟ್ ತೆಗೆದುಕೊಂಡು ಎಸ್ಕೊನ ಮನೆಗೆ ಹೋದ. ಬಾಗಿಲು ತೆರೆದಾಗ ಅದನ್ನು ಅವನ ಕೈಗಿಟ್ಟು ವಾಪಸು ಬಂದ. ಐದು ವರ್ಷ ಎಸ್ಕೊನ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ. ರಿಮೋಟ್ ಕೇಳಿ ತರಲು ನಾನೇ ಹೋಗಬೇಕಾಯಿತು.

ಅದಾದ ಎರಡನೇ ಚಳಿಗಾಲ ಸರೋವರದ ಮಂಜುಗಡ್ಡೆಯ ಮೇಲೆ ಗಾಳ ಹಾಕಿ ಕೂತಿದ್ದವನು ಏಳಲಿಲ್ಲ. ಹೃದಯ. ಮೂರು ಮೀನು ಹಿಡಿದಿದ್ದ. ಎಸ್ಕೊ ಅವನ್ನು ಶುಚಿ ಮಾಡಿ ತಂದುಕೊಟ್ಟ. ಹುರಿದು ತಿಂದೆ. ಇನ್ನೇನು ಮಾಡಲಿ.

ಸೌನಾಕ್ಕೆ ಹೋಗಲಿಲ್ಲ. ಸೋಮವಾರ ಒಂಬತ್ತಕ್ಕೆ ಫೋನಿನಲ್ಲಿ ಅವನ ಪ್ರೋಗ್ರಾಂ ತೆರೆದು ನೋಡುತ್ತಿದ್ದೆ, ಒತ್ತುತ್ತಿರಲಿಲ್ಲ. ಶುಕ್ರವಾರ ಏಳು ಖಾಲಿಯೇ ಇರುತ್ತಿತ್ತು. ಯಾರೂ ಮುಟ್ಟಲಿಲ್ಲ. ಎಂಟು ವಾರ ಹೀಗೇ.

ಒಂಬತ್ತನೇ ಸೋಮವಾರ ನೋಡಿದರೆ ಶುಕ್ರವಾರ ಏಳರಲ್ಲಿ ಹೆಸರು. ಔನೆ.

ಮೈ ಉರಿಯಿತು. ಆಮೇಲೆ ಕೆಳಗೆ ನೋಡಿದೆ. ಒಂದು ಮನೆಗೆ ಒಂದೇ ಗಂಟೆ ಎಂದು ಇಲ್ಪೊ ಬರೆದ ನಿಯಮ. ಎಪ್ಪತ್ತೊಂಬತ್ತರಿಂದ ಮೊದಲ ಸಲ ಅವಳು ಶನಿವಾರ ಆರನ್ನು ತಾನೇ ಬಿಟ್ಟುಕೊಟ್ಟಿದ್ದಳು, ಅದು ಖಾಲಿ ಇತ್ತು. ಒತ್ತಿಬಿಟ್ಟೆ.

ಶುಕ್ರವಾರ ಏಳಕ್ಕೆ ಟವೆಲ್ ತೆಗೆದುಕೊಂಡು ಜಗಳಕ್ಕೆ ಇಳಿದೆ. ಔನೆ ಮೇಲಿನ ಹಲಗೆಯ ಮೇಲೆ, ಈಗ ಎಂಬತ್ತಾರು.

"ಕಳ್ಳಿ," ಎಂದೆ.

"ಬಾಗಿಲು ಮುಚ್ಚೇ. ಕಾವು ಹೋಗ್ತದೆ."

ಮುಚ್ಚಿದೆ. ಹತ್ತಿ ಪಕ್ಕದಲ್ಲಿ ಕೂತೆ.

"ನಿನ್ನ ಶನಿವಾರ ಆರು ನಾನು ತಗೊಂಡಿದೀನಿ, ಗೊತ್ತಾ?"

"ಒಂಬತ್ತೂ ಒಂದಕ್ಕೇ ನೋಡಿದೆ. ನಾಳೆ ಆರಕ್ಕೆ ಬರ್ತೀನಿ. ಸೊಪ್ಪಿನ ಕಟ್ಟು ನೀನೇ ತರಬೇಕು," ಎಂದು ಔನೆ ಸೌಟು ನನ್ನ ಕೈಗೆ ಕೊಟ್ಟಳು.