ಮಲಾಕ್ಕಾದಲ್ಲಿ ಉಂಡು ಬಂದ ದಿನ

ಯಾರಾದರೂ ಇಂಥ ನಂಬಲಾಗದ ಸುದ್ದಿ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ. ಆ ಜಂಬ ಇತ್ತು, ಈಗಲೂ ಇದೆ. ಆದ್ದರಿಂದ ನೀವು ನಂಬಲೇಬೇಕು ಅನ್ನುವುದಿಲ್ಲ.

ಅವ್ವ ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ನಾನು ಹಾಸ್ಟೆಲ್ ಸೇರಿದಾಗಿನಿಂದ ಅವಳದೊಂದು ನೇಮ: ನಾನು ಫೋನ್ ಮಾಡಿ ಉಂಡೆ ಅನ್ನುವವರೆಗೆ ಮಧ್ಯಾಹ್ನ ತುತ್ತು ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ನಾನು ಕೆಲಸಕ್ಕೆ ಸೇರಿದ ಸಿಂಗಪುರದಲ್ಲಿ ಊಟದ ಹೊತ್ತು ಹುಬ್ಬಳ್ಳಿಗಿಂತ ಬೇಗ ಬರುವುದರಿಂದ ಹೇಗೋ ನಡೆದಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಶನಿವಾರ, ಆಫೀಸಿನ ಗೆಳೆಯ ಪ್ರಶಾಂತ ತನ್ನ ಫ್ಲೈಯಿಂಗ್ ಕ್ಲಬ್ಬಿನ ನಾಲ್ಕು ಸೀಟಿನ ವಿಮಾನದಲ್ಲಿ ನನ್ನನ್ನು ಮಲೇಶಿಯಾದ ಮಲಾಕ್ಕಾಗೆ ಕರೆದೊಯ್ದ. ಕೆಲಸವೇನಿಲ್ಲ, ಬಾಳೆಎಲೆ ಊಟ ಮಾಡಿ ವಾಪಸ್ ಬರುವುದು. ಹವ್ಯಾಸಕ್ಕೆ ಹಾರುವವರಲ್ಲಿ ಅದೊಂದು ರೂಢಿಯಂತೆ.

"ಈ ಊಟ ನಮ್ಮ ಸಿಂಗಪುರದ ಲಿಟ್ಲ್ ಇಂಡಿಯಾದಲ್ಲೇ ಸಿಗಲ್ವೇನೋ?" ಅಂದೆ.

"ಸಿಗತ್ತೆ ಗುರು. ಪಾಸ್‌ಪೋರ್ಟ್ ತೋರ್ಸಿ ತಿಂದ್ರೆ ಸಾರಿನ ಟೇಸ್ಟೇ ಬೇರೆ!"

ಉಂಡೆವು. ಎಲೆಯ ಫೋಟೋ ತೆಗೆದೆ. ಫೋನ್ ಕೈಯಲ್ಲೇ ಇತ್ತು, ಸಿಗ್ನಲ್ಲೂ ಇತ್ತು, ಅವ್ವನಿಗೆ ಮಾಡಲಿಲ್ಲ. ಎಲ್ಲಿದ್ದಿ ಅಂತ ಕೇಳಿದರೆ, ಒಂದು ಊಟಕ್ಕೆ ದೇಶ ದಾಟಿ ಬಂದೀನಿ ಅಂತ ರೊಟ್ಟಿ ಬಡಿದವಳಿಗೆ ಹೇಗೆ ಹೇಳಲಿ? ಇಳಿದ ಮೇಲೆ ಮಾಡಿದರಾಯಿತು ಅಂದುಕೊಂಡೆ. ಮೋಡ ಸರಿಯಲೆಂದು ಕಾದು, ಹೊರಡುವುದೇ ಎರಡು ತಾಸು ತಡವಾಯಿತು. ಆಗಲೂ ಮಾಡಲಿಲ್ಲ.

ಸಮುದ್ರದ ಮೇಲೆ ಬರುವಾಗ ಹುಬ್ಬಳ್ಳಿಯಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಎಂಜಿನ್ ಸದ್ದಿನಲ್ಲಿ ಮಾತಾಡಲು ಇಬ್ಬರೂ ಹಾಕಿಕೊಂಡಿದ್ದ ಹೆಡ್‌ಸೆಟ್‌ನಲ್ಲಿ ಸ್ಪಷ್ಟವಾಗಿ ಅವ್ವನ ದನಿ ಬಂತು: "ಉಂಡಿ ಏನಪಾ?"

ದಿನಾ ಹೇಳುವ ಹಾಗೆ ಹೇಳಿಬಿಟ್ಟೆ. "ಹೂಂ, ಉಂಡೀನವ್ವಾ. ನೀ ಉಣ್ಣು."

ಪ್ರಶಾಂತ ತಿರುಗಿ ನೋಡಿದ. "ಯಾರ್ ಜೊತೆ ಮಾತಾಡ್ತಿದೀಯೋ?" ಅವನಿಗೆ ಕೇಳಿದ್ದು ನನ್ನ ದನಿ ಮಾತ್ರ. ನನ್ನ ಫೋನ್ ಹಿಂದಿನ ಸೀಟಿನ ಚೀಲದಲ್ಲಿ ಆಫ್ ಆಗಿ ಬಿದ್ದಿತ್ತು.

ಇಳಿದವನೇ ಅವ್ವನಿಗೆ ಫೋನ್ ಮಾಡಿದೆ.

"ಮತ್ಯಾಕ ಮಾಡಿದಿ? ಆಗಲೇ ಹೇಳಿದ್ಯಲ್ಲಪಾ ಉಂಡೀನಿ ಅಂತ. ನಾನೂ ಉಂಡೆ. ಗಾಳಿ ಸದ್ದು ಭಾಳ ಇತ್ತು ನೋಡು. ಎಲ್ಲಿದ್ದಿ?"

"ಆಫೀಸಿನ್ಯಾಗ" ಅಂದೆ.

ನನ್ನ ಫೋನಿನಲ್ಲಿ ಅಂಥ ಕರೆ ಹೋದ ಗುರುತಿಲ್ಲ. ಹಸಿದ ಅವ್ವನಿಗೆ ಮಂಪರು, ನನಗೆ ತಪ್ಪಿತಸ್ಥ ಮನಸ್ಸಿನ ಭ್ರಮೆ ಅನ್ನೋಣ. ಹಾಗಾದರೆ ಆ ಗಾಳಿ? ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ನಿನಗೇನು ಕೇಳಿತು ಅಂತ ಅವ್ವನನ್ನೇ ವಿಚಾರಿಸಬಹುದು. ಆದರೆ ವಿಚಾರಿಸಬೇಕಾದರೆ, ಅಂದು ಎಲ್ಲಿದ್ದೆ ಅಂತ ಮೊದಲು ನಾನು ಹೇಳಬೇಕು.