ಎಳೆ ಹರಿದ ಸನ್ನೆ

ಇಚಲಕರಂಜಿಯ ಶಹಾಪುರ ಭಾಗದಲ್ಲಿ ವಿದ್ಯುತ್ ಮಗ್ಗದ ಶೆಡ್ಡುಗಳ ಹಿಂದೆ, ದುಡಿಯಲಾಗದ ಹಳೇ ನೇಕಾರರಿಗೆಂದು ಸರಕಾರ ಕಡಿಮೆ ಬಾಡಿಗೆಗೆ ಕೊಟ್ಟ ಚಾಳೊಂದಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ಪ್ರತಿ ರವಿವಾರ ಮಧ್ಯಾಹ್ನ ನಾನು ಹಾರ್ಮೋನಿಯಂ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಗಡಹಿಂಗ್ಲಜದ ಕಡೆಯಿಂದ ಬಂದು ಆ ಊರಿನ ಕನ್ನಡ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದವಳು ನಾನು. ವಾರವಿಡೀ ಹುಡುಗರ ಮೇಲೆ ರೇಗಿದ್ದು ಸಾಲದೆಂದು ರವಿವಾರ ಮುದುಕರ ಮೇಲೆ ರೇಗಲು ಹೊರಟಳು ಎಂದು ನನ್ನ ಅವ್ವ ಚಾಷ್ಟಿ ಮಾಡುತ್ತಿದ್ದಳು. ಅವಳು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಭಜನೆ ಪದ, ಬೀಸುವ ಪದ, ನಡುವೆ ಒಂದು ಮರಾಠಿ ಅಭಂಗ. ಮಗ್ಗದ ಗದ್ದಲದಲ್ಲಿ ಆಯುಷ್ಯ ಕಳೆದವರು, ಎಲ್ಲರ ಕಿವಿಯೂ ಅಷ್ಟಕ್ಕಷ್ಟೇ. ಒಬ್ಬರು ಸಾಲು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೂ ಹಾಡುತ್ತಿದ್ದರಲ್ಲ! ಒಬ್ಬ ಅಜ್ಜ ಮಾತ್ರ ಬಾಯೇ ತೆರೆಯುತ್ತಿರಲಿಲ್ಲ. ಗೋಡೆಗೆ ಒರಗಿ, ನನ್ನ ಬೆರಳುಗಳನ್ನೇ ನೋಡುತ್ತ ಕೂತು, ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅವನ ಹೆಂಡತಿ ಬಾಗಿಲ ಹತ್ತಿರ ಕೂತು ಅವನನ್ನೇ ನೋಡುತ್ತಿದ್ದಳು.

ನಾಲ್ಕನೆಯ ವಾರ ನನ್ನ ತಾಳ್ಮೆ ಕೆಟ್ಟಿತು. ಚಹಾಕ್ಕೆ ಬರುವುದಾದರೆ ಹೋಟೆಲಿದೆ, ಇಲ್ಲಿ ಹಾಡಬೇಕು ಎಂದು ಎಲ್ಲರೆದುರು ಅಂದುಬಿಟ್ಟೆ. ಅಜ್ಜ ನಕ್ಕು ತಲೆಯಾಡಿಸಿದ. ನನಗೆ ಇನ್ನೂ ಸಿಟ್ಟು ಬಂತು.

ಅಂದು ಹಾರ್ಮೋನಿಯಂ ಪೆಟ್ಟಿಗೆ ಕಟ್ಟುವಾಗ ಬಾಗಿಲ ಬಳಿಯ ಆ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಊರಲ್ಲಿದ್ದಾಗ ಭಜನಾ ಮೇಳದಲ್ಲಿ ಮುಂದಾಗಿ ಹಾಡುತ್ತಿದ್ದವನು ಅವಳ ಗಂಡನೇ ಅಂತೆ. ಅವನ ದನಿ ಕೇಳಿಯೇ ಅವಳು ಮದುವೆಗೆ ಹೂಂ ಅಂದದ್ದಂತೆ. ಶೆಡ್ಡು ಸೇರಿ ಕಿವಿ ಹೋದ ಮೇಲೂ ಒಮ್ಮೆ ಹಾಡಿದ್ದ. ಸುರ ತಪ್ಪಿತು, ಜನ ನಕ್ಕರು. ನಗು ಕೇಳಿಸದಿದ್ದರೂ ನಕ್ಕ ಮುಖಗಳು ಕಂಡವು. ಆಮೇಲೆ ಇಪ್ಪತ್ತು ವರ್ಷ ಅವನು ಹಾಡಿಲ್ಲ.

“ಅಕ್ಕೋರ, ಅವರಿಗೆ ಏನೂ ಕೇಳಸೂದಿಲ್ರಿ. ನೀವು ಬೈದದ್ದೂ ಕೇಳಸಿಲ್ಲ. ನಾ ಕಣ್ಣ ಮುಚ್ಚೂದರೊಳಗ ಒಮ್ಮೆರ ಅವರ ಹಾಡ ಕೇಳಬೇಕ್ರಿ,” ಎಂದಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

ದಾರಿ ತೋರಿಸಿದವಳೂ ಅವಳೇ. ಗಂಡ ದುಡಿದ ಶೆಡ್ಡಿನಲ್ಲೇ, ಹಿಂದಿನ ಕೋಣೆಯಲ್ಲಿ ನೂಲು ಸುತ್ತುತ್ತಿದ್ದವಳು, ಹಾಗಾಗಿ ಅವಳ ಕಿವಿ ಉಳಿದಿತ್ತು. ಮಗ್ಗದ ಹತ್ತಿರ ಮಾತು ನಡೆಯುವುದಿಲ್ಲ, ಎಲ್ಲವೂ ಕೈಸನ್ನೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ, ನಿಲ್ಲಿಸು ಎಂದು. ಒಂದು ಬೆರಳು ಗಾಳಿಯಲ್ಲಿ ಸುತ್ತಿದರೆ ಓಡಿಸು ಎಂದು. ಸುರ ತಪ್ಪಿದಲ್ಲಿ ತಾನು ಸನ್ನೆ ಮಾಡುತ್ತೇನೆ, ಅವರು ನಿಲ್ಲಿಸಿ ಮತ್ತೆ ಹಿಡಿಯಲಿ ಎಂದಳು.

ಮುಂದಿನ ವಾರ ಉಳಿದವರಿಗಿಂತ ಮೊದಲೇ ಇಬ್ಬರನ್ನೂ ಕರೆಸಿದೆ. ಅಜ್ಜ ಬೇಡವೇ ಬೇಡವೆಂದು ಕೈಯಾಡಿಸಿದ. ಅಜ್ಜಿ ಅವನ ಅಂಗೈ ಹಿಡಿದು ಹಾರ್ಮೋನಿಯಂ ಮೇಲೆ ಒತ್ತಿದಳು. ನಾನು ಸುರ ಕೊಟ್ಟೆ. ಮರ ನಡುಗಿದ್ದು ಕೈಗೆ ತಿಳಿದು ಅವನು ಬೆಚ್ಚಿಬಿದ್ದ. ಎಷ್ಟೋ ಹೊತ್ತಿಗೆ ಮೆಲ್ಲಗೆ ದನಿ ಎತ್ತಿದ. ಎರಡನೇ ಸಾಲಿಗೇ ಅಜ್ಜಿಯ ಬೆರಳ ಕತ್ತರಿ ಆಡಿತು. ನಿಲ್ಲಿಸಿ, ಹರಿದ ಎಳೆಗೆ ಗಂಟು ಹಾಕುವವನ ಹಾಗೆ, ತಪ್ಪಿದಲ್ಲಿಂದಲೇ ಮತ್ತೆ ಹಿಡಿದ. ಒಂದು ಪದಕ್ಕೆ ಎರಡು ತಿಂಗಳು ಹಿಡಿಯಿತು.

ಒಂದು ರವಿವಾರ ಎಲ್ಲರೂ ಕೂತಿದ್ದಾಗ ಅವನೇ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ. ಮತ್ತೆ ಯಾರಾದರೂ ನಕ್ಕರೆ ಮುಗಿಯಿತು ಎಂದುಕೊಂಡು ಎಲ್ಲರ ಮುಖ ನೋಡುತ್ತಲೇ ಸುರ ಕೊಟ್ಟೆ. ಮೊದಲ ನುಡಿ ಸರಿಯಾಗಿ ಬಂತು. ಎರಡನೆಯದರಲ್ಲಿ ಸುರ ಜಾರಿತು. ಅಜ್ಜಿಯತ್ತ ನೋಡಿದೆ. ಅಜ್ಜನ ಕಣ್ಣೂ ಅಲ್ಲೇ ಇತ್ತು. ಅವಳು ಕತ್ತರಿ ತೋರಿಸಲಿಲ್ಲ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒಂದು ಬೆರಳು ಗಾಳಿಯಲ್ಲಿ ಸುತ್ತುತ್ತಲೇ ಇತ್ತು. ಅವನು ಪೂರ್ತಿ ಹಾಡಿದ. ಯಾರೂ ನಗಲಿಲ್ಲ.

ಸನ್ನೆ ಯಾಕೆ ಮಾಡಲಿಲ್ಲ ಎಂದು ಅವಳ ಕಿವಿಯಲ್ಲಿ ಕೇಳಿದೆ.

“ಎಲ್ಲಿ ಹರದಿತ್ರಿ ಅಕ್ಕೋರ? ನನಗ ಕಾಣಸಲಿಲ್ಲ,” ಎಂದಳು.

ಅಷ್ಟರಲ್ಲಿ ಅಜ್ಜ ನನ್ನ ಕಡೆ ತಿರುಗಿ ಹೇಗಿತ್ತು ಎಂಬಂತೆ ಹುಬ್ಬೆತ್ತಿದ. ಶಾಲೆಯಲ್ಲಿ ಒಂದು ತಪ್ಪು ಸುರವನ್ನೂ ಸಹಿಸದ ನಾನು, ಬೆರಳೆತ್ತಿ ಗಾಳಿಯಲ್ಲಿ ಸುತ್ತಿದೆ.